ಕೆಂಪು ತಗಡಿನ ಗುರುತು

ಸೀಲಿ ಕೊಲ್ಲಿ
೭ ಜೂನ್ ೧೯೯೨

ಡೆನ್ಸಿಲ್ಲನಿಗೆ,

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದುಕೊಂಡು ಓದಬೇಡ. ಕೆಲಸದ ಮಾತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಫೋನು ಮಾಡಬಹುದಿತ್ತು. ಇನೆಜ್‌ಳ ರಮ್ ಅಂಗಡಿಯಲ್ಲಿ ಫೋನಿದೆ, ನಿನ್ನ ಅಂಗಡಿಯ ನಂಬರನ್ನು ಅವಳೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾಳೆ. ಆದರೆ ನಿನ್ನ ದನಿ ಕೇಳಿದ ಕೂಡಲೇ ನಾನು ಬೈಯುತ್ತೇನೆ, ನೀನು ಇಟ್ಟುಬಿಡುತ್ತೀಯ. ಈಸ್ಟರಿಗೆ ಹಾಗೇ ಆಯಿತು. ಕಾಗದವನ್ನು ಮಾತಿನ ನಡುವೆ ಕುಕ್ಕಲಾಗುವುದಿಲ್ಲ. ಹರಿಯಬಹುದು, ಓದಿ ಹರಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಮೀನು ಸೀಳಲು ಕೂತವಳು ನಾನು, ಒಂದು ಹಾಳೆ ತುಂಬಿಸಲು ನನಗೆ ಒಂದು ಬೆಳಗು ಹಿಡಿಯುತ್ತದೆ. ಆ ಹೊತ್ತಿನ ಮರ್ಯಾದೆಗಾದರೂ ಓದು.

ಮನೆಯ ಹಿಂದೆ ನೆಲ ಬಿರಿದಿದೆ. ಮಳೆಗೆ ಬಿಡುವ ಸಣ್ಣ ಬಿರುಕಲ್ಲ. ಕೋಳಿಗೂಡಿನಿಂದ ಕೊರಕಲಿನ ತನಕ ಒಂದೇ ಗೆರೆ. ಗೆರೆಯ ಆಚೆ ಗುಡ್ಡ, ಈಚೆ ನಾನು, ನನ್ನ ಈಚೆ ಸಮುದ್ರ. ಬಡಗಿ ಕ್ಲೀಟಸ್ ಬಂದು ಬಗ್ಗಿ ನೋಡಿದ, ಒಂದು ಕಲ್ಲು ಹಾಕಿ ಕಿವಿಗೊಟ್ಟ. "ಯುಲಾಲಿ, ಈ ತುಂಡನ್ನ ಸಮುದ್ರಕ್ಕೆ ಬರ್ದುಕೊಟ್ಟಾಯ್ತು. ಯಾವತ್ತು ತಗೊಂಡು ಹೋಗತ್ತೆ ಅನ್ನೋದೊಂದು ಗೊತ್ತಿಲ್ಲ" ಅಂದ. ಅದಕ್ಕೆ ಮನೆ ಬಿಚ್ಚಿ ಕೊರಕಲಿನ ದಕ್ಷಿಣಕ್ಕೆ ಒಯ್ಯುತ್ತೇವೆ. ಚರ್ಚಿನವರು ಅಲ್ಲಿ ಜಾಗ ಕೊಟ್ಟಿದ್ದಾರೆ, ದೀವಿಹಲಸಿನ ಮರದ ಪಕ್ಕ. ಕಲ್ಲುಗಳ ಮೇಲೆ ಕೂತ ಮರದ ಮನೆ, ಅದಕ್ಕೇನು ಬೇರಿದೆಯೇ. ನನ್ನಪ್ಪನ ಕಾಲದಲ್ಲೇ ಅದು ಮೂರು ಊರು ನೋಡಿದೆ.

ಈಗ ನಿನಗೆ ಸಂಬಂಧಪಟ್ಟದ್ದು. ನೀರೊಳಗಿನ ಬಂಡೆಸಾಲಿನ ಬಾಯಿ ಹುಡುಕಲು ನಿನ್ನಪ್ಪ ಅಬ್ನರ್ ನಿನಗೆ ಕಲಿಸಿದ್ದು ಒಂದೇ ಗುರುತು. ಗುಡ್ಡದ ಮೇಲೆ ಒಂಟಿ ತಾಳೆಮರ, ಅದರ ನೇರ ಕೆಳಗೆ ನಮ್ಮ ಕೆಂಪು ಸೂರಿನ ಚೂಪು. ಎರಡೂ ಒಂದರ ಮೇಲೊಂದು ಕೂತರೆ ಬಾಯಿ ನಿನ್ನ ಎದುರಿಗೆ. ಒಂದು ದೋಣಿ ಹಿಡಿಸುವಷ್ಟು ಬಾಯಿ. ಮನೆ ಸರಿದ ಮೇಲೆ ಅದೇ ಗುರುತು ನಂಬಿಕೊಂಡು ಬಂದರೆ ನೀನು ಬರುವುದು ಬಾಯಿಗಲ್ಲ, ಹಲ್ಲಿಗೆ.

ಈಗ ಈ ಕೊಲ್ಲಿಯಲ್ಲಿ ದೋಣಿಗಳಿಲ್ಲ. ಗುರುತು ಬೇಕಾದವರು ಹಲಗೆ ಹತ್ತಿ ಅಲೆಯ ಮೇಲೆ ಸವಾರಿ ಮಾಡುವ ನೀವು ಅಲೆಹಲಗೆಯವರು ಮಾತ್ರ. ಊರಿನ ಹುಡುಗರಿಗೆ ಹೇಳಿದ್ದೇನೆ. ನೀನು ವರ್ಷಕ್ಕೆ ಎರಡು ಮೂರು ಸಲ ಬರುವವನು, ಅದೂ ಸಮುದ್ರ ಎದ್ದು ಕುಣಿಯುವಾಗಲೇ. ಗಾಡಿಯನ್ನು ಹಳೆ ರೈಲುದಾರಿಯ ಹತ್ತಿರ ಬಿಟ್ಟು ದಕ್ಷಿಣದ ಮೂಲೆಯಿಂದ ಇಳಿಯುತ್ತೀಯ, ಸವಾರಿ ಮುಗಿಸಿ ನಮ್ಮ ಮನೆಯ ಕೆಳಗಿನ ಮರಳಿಗೆ ಹತ್ತುತ್ತೀಯ, ತಲೆ ಎತ್ತದೆ ದಿಬ್ಬದ ಬುಡ ಹಿಡಿದು ಹೊರಟುಹೋಗುತ್ತೀಯ. ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೀಯ. ನಿನ್ನ ನಡುನೆತ್ತಿ ಬೋಳಾಗುತ್ತಿರುವುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ.

ಮನೆ ಎತ್ತುವ ದಿನ ಗೊತ್ತಾದ ಮೇಲೆ ಬರೆಯುತ್ತೇನೆ. ಉತ್ತರ ಬರೆ.

ನಿನ್ನ ತಾಯಿ,
ಯುಲಾಲಿ


ಆಯ್ಸ್ಟಿನ್ಸ್
೨೦ ಜೂನ್

ಅಮ್ಮ,

ಕಾಗದ ತಲುಪಿತು. ಹರಿದಿಲ್ಲ.

ಮೂರು ವರ್ಷದ ಕೆಳಗೆ ಕೊಲ್ಲಿಗೆ ಶಾರ್ಕ್ ಬಂದಿದೆ ಎಂದು ನೀನು ಹೇಳಿಕಳಿಸಿದೆ. ಮರುವರ್ಷ ಕೊಳಚೆಯ ಪೈಪು ಒಡೆದು ನೀರಿಗಿಳಿದವರಿಗೆಲ್ಲ ಹುಣ್ಣಾಗುತ್ತಿದೆ ಎಂದೆ. ಹೋದ ವರ್ಷ ಪೊಲೀಸರು ಹಲಗೆಗಳನ್ನು ಕಿತ್ತುಕೊಳ್ಳುತ್ತಿದ್ದಾರೆ ಎಂದೆ. ಮೂರು ಸಲವೂ ನಾನು ಬಂದು ನೋಡಿದೆ. ಶಾರ್ಕೂ ಇರಲಿಲ್ಲ, ಹುಣ್ಣೂ ಇರಲಿಲ್ಲ, ಇದ್ದ ಒಬ್ಬ ಪೊಲೀಸಿನವನು ಇನೆಜ್‌ಳ ಅಂಗಡಿಯಲ್ಲಿ ಡಾಮಿನೋ ಆಡುತ್ತಿದ್ದ. ಈ ವರ್ಷ ಮನೆಗೇ ಕಾಲು ಬಂದಿದೆ.

ನನಗೆ ಮೂವತ್ತೈದು ವರ್ಷ. ಹಲಗೆ ಮಾಡುವುದು, ಬಾಡಿಗೆಗೆ ಕೊಡುವುದು, ಹತ್ತುವುದು ನನ್ನ ಹೊಟ್ಟೆಪಾಡು. ಅಪ್ಪನನ್ನು ಸಮುದ್ರ ತೆಗೆದುಕೊಳ್ಳಲಿಲ್ಲ, ಸಕ್ಕರೆ ಕಾಯಿಲೆ ತೆಗೆದುಕೊಂಡಿತು. ಮೊದಲು ಕಾಲು, ಆಮೇಲೆ ಉಳಿದದ್ದು. ನೀನು ನೀರನ್ನು ಯಾಕೆ ಬೈಯುತ್ತೀಯೋ ತಿಳಿಯದು.

ಅಪ್ಪನ ದೋಣಿ ಮಾರಿದ ಸಿಟ್ಟು ಇನ್ನೂ ಇದೆ ಎಂದು ಗೊತ್ತು. ಯಾಕೆ ಮಾರಿದೆ ಎಂದು ನೀನು ಒಂದು ಸಲವೂ ಕೇಳಲಿಲ್ಲ.

ಡೆನ್ಸಿಲ್


ಸೀಲಿ ಕೊಲ್ಲಿ
೨೮ ಜೂನ್

ಡೆನ್ಸಿಲ್,

ಶಾರ್ಕ್ ಇತ್ತು. ಕ್ಲೀಟಸನ ಷಡ್ಡಕ ಕಣ್ಣಾರೆ ನೋಡಿದ್ದಾನೆ. ದೊಡ್ಡದೋ ಚಿಕ್ಕದೋ ಎಂದು ಅಳೆಯಲು ನಾನು ಹೋಗಲಿಲ್ಲ. ಪೈಪಿನ ಮಾತು ಬಿಡು.

ನಾನು ಬರೆದದ್ದು ನೆಲದ ವಿಷಯ. ಬಿರುಕಿನಲ್ಲಿ ಹೋದ ತಿಂಗಳು ಬೆರಳು ಹೋಗುತ್ತಿತ್ತು, ಮೊನ್ನೆ ಕೋಳಿ ಹೋಯಿತು. ಎರಡು ದಿನ ಕೆಳಗಿನಿಂದ ನನ್ನನ್ನು ಬೈದು ಆಮೇಲೆ ಸುಮ್ಮನಾಯಿತು. ಸಂಜೆ ಅಲೆ ದಿಬ್ಬಕ್ಕೆ ಹೊಡೆದರೆ ಪಾತ್ರೆಗಳು ತಾವಾಗಿ ಮಾತಾಡುತ್ತವೆ. ಬಂದು ನೋಡು. ನನ್ನ ಜೊತೆ ಮಾತಾಡುವುದೂ ಬೇಡ. ನೆಲ ನೋಡಿಕೊಂಡು ಹೋಗು.

ಬರುವುದಿಲ್ಲವಾದರೆ ಒಂದೇ ಒಂದು ಮಾತು ತಲೆಯಲ್ಲಿ ಇಟ್ಟುಕೋ. ಇನ್ನು ಮೇಲೆ ಕೆಂಪು ಸೂರನ್ನು ನಂಬಬೇಡ.

ದೋಣಿ ಯಾಕೆ ಮಾರಿದೆ ಎಂದು ಕೇಳಲಿಲ್ಲವಂತೆ. ಮಾರಿದ ಮೇಲೆ ಕೇಳಿ ಏನು ಮಾಡುವುದು? ನಿನ್ನಪ್ಪ ಆಸ್ಪತ್ರೆಯಿಂದ ಬಂದು ಇನ್ನೂ ಊರುಗೋಲಿನಲ್ಲಿ ನಡೆಯುವುದು ಕಲಿಯುತ್ತಿದ್ದ. ನಾನು ಮೀನುಪೇಟೆಯಿಂದ ಬರುವಷ್ಟರಲ್ಲಿ ಮರಳಿನ ಮೇಲೆ ದೋಣಿ ಇಲ್ಲ. ಆಮೇಲೆ ಜನ ಬಂದು ಹೇಳಿದರು, ಅದನ್ನು ನಡುವಿಗೆ ಕೊಯ್ದು ನಿನ್ನ ಅಂಗಡಿಯ ಪಕ್ಕದಲ್ಲಿ ಬಾರು ಮಾಡಿದ್ದಾರೆ, ಅದರ ಮೇಲೆ ಮೊಣಕೈ ಊರಿಕೊಂಡು ಬಿಳಿಯರು ಕುಡಿಯುತ್ತಾರೆ ಎಂದು. ನನಗೆ ಇನ್ನೇನು ಕೇಳಲು ಉಳಿದಿತ್ತು?

ಯುಲಾಲಿ


ಸೀಲಿ ಕೊಲ್ಲಿ
೫ ಆಗಸ್ಟ್

ಡೆನ್ಸಿಲ್,

ಉತ್ತರ ಬರಲಿಲ್ಲ. ಬರಲಿ ಬಿಡಲಿ, ಮನೆ ಸರಿದಿದೆ.

ಕಬ್ಬಿನ ಹಬ್ಬದ ರಜೆಯಲ್ಲಿ ಎತ್ತಿದೆವು. ಎಲ್ಲರೂ ಪಟ್ಟಣದಲ್ಲಿ ಗರಿ ಕಟ್ಟಿಕೊಂಡು ಕುಣಿಯುತ್ತಿರುವಾಗ ಇಲ್ಲಿ ಕ್ಲೀಟಸ್ ಮತ್ತೆ ಅವನ ಜನ ನನ್ನ ಮಲಗುವ ಕೋಣೆಯನ್ನು ಹೆಗಲ ಮೇಲೆ ಹೊತ್ತು ಕೊರಕಲು ದಾಟಿದರು. ಮೊದಲು ತಗಡು, ಆಮೇಲೆ ತೊಲೆ, ಆಮೇಲೆ ನಾಲ್ಕು ಗೋಡೆ. ಗೋಡೆಗೆ ನೇತುಹಾಕಿದ್ದ ಏಸುವಿನ ಪಟ ಗೋಡೆಯ ಸಮೇತ ಹೋಯಿತು, ಓರೆ ಸಹ ಆಗಲಿಲ್ಲ. ಮೆಟ್ಟಿಲು ಸಿಮೆಂಟಿನದು, ಅದು ಬರಲಿಲ್ಲ. ಈಗ ಹಳೆ ಜಾಗದಲ್ಲಿ ಮೂರು ಮೆಟ್ಟಿಲು ಸುಮ್ಮನೆ ಆಕಾಶಕ್ಕೆ ಹತ್ತುತ್ತವೆ.

ಅವರ ಊಟಕ್ಕೆ ಜೋಳದ ಹಿಟ್ಟಿನ ಕೂಕೂ ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯಿತು. ಬೆಂಡೆಕಾಯಿ ಸಾಲಲಿಲ್ಲ, ಹಿಟ್ಟು ಗಂಟಾಯಿತು. ಆದರೂ ತಿಂದರು. ಹೊಸ ಜಾಗದ ನಾಲ್ಕು ಮೂಲೆಗೂ ರಮ್ ಸುರಿಯಬೇಕಲ್ಲ, ಮೂರು ಮೂಲೆಗೆ ಆಗುವಷ್ಟರಲ್ಲಿ ಬಾಟಲಿ ಖಾಲಿ. "ನಾಲ್ಕನೇ ಮೂಲೆ ಯಾರ ಹೊಟ್ಟೇಲಿದೆ?" ಅಂತ ಕೇಳಿದೆ. ಯಾರೂ ಒಪ್ಪಲಿಲ್ಲ.

ಸಂಜೆ ತಗಡು ಹೊಡೆಯುವಾಗ ಕ್ಲೀಟಸ್ ಮೇಲಿನಿಂದ ಕೂಗಿದ.

"ಯುಲಾಲಿ, ಸೂರಿಗೆ ಹಸಿರು ಬಳಿದುಬಿಡ್ಲಾ? ಆಗ ಯಾರಿಗೂ ಗುರುತು ತಪ್ಪಲ್ಲ."

"ಅದು ಅಬ್ನರ್ ಬಳಿದ ಕೆಂಪು."

"ಗೊತ್ತಮ್ಮ. ಆದ್ರೆ ಡೆನ್ಸಿಲ್ ಬಂದ್ರೆ?"

"ಮಗ ಕಿವುಡ ಆದ ಅಂತ ನಾನು ಗಂಡನ ಬಣ್ಣ ಕೆರೀಬೇಕಾ? ಹೊಡಿ ಮೊಳೆ."

ಹೊಡೆದ. ಸೂರು ಕೆಂಪಾಗಿಯೇ ಇದೆ.

ಇನೆಜ್‌ಳ ಅಂಗಡಿಯ ಮೆಟ್ಟಿಲಿನಿಂದ ನೋಡಿದೆ. ಕೊಲ್ಲಿಯ ಕಡೆಯಿಂದ ನೋಡಿದರೆ ಯಾರಿಗೂ ಏನೂ ಬದಲಾದಂತೆ ಕಾಣುವುದಿಲ್ಲ. ಗುಡ್ಡ ಇದೆ, ತಾಳೆಮರ ಇದೆ, ಕೆಂಪು ಸೂರು ಇದೆ. ಅದೇ ನನಗೆ ಹೆದರಿಕೆ. ಹೆದರಿಕೆ ಎಂಬ ಮಾತನ್ನು ನಾನು ಸುಮ್ಮನೆ ಬರೆಯುವವಳಲ್ಲ.

ಯುಲಾಲಿ


ಸೀಲಿ ಕೊಲ್ಲಿ
೩೦ ಆಗಸ್ಟ್

ಡೆನ್ಸಿಲ್,

ರಾಲ್ಸ್ಟನ್ನನನ್ನು ನಿನ್ನ ಹತ್ತಿರ ಕಳಿಸಿದ್ದೆ. ಅದೇ, ಕರೆಂಟಿನ ಕೆಲಸ ಮಾಡುತ್ತಾನಲ್ಲ, ನಮ್ಮ ಕೊಲ್ಲಿಯಲ್ಲೇ ಹಲಗೆ ಹತ್ತುವವನು. ಬಂದು ಇನೆಜ್‌ಳ ಅಂಗಡಿಯಲ್ಲಿ ಎಲ್ಲರೆದುರು ವರದಿ ಒಪ್ಪಿಸಿದ.

"ಡೆನ್ಸಿಲಣ್ಣ, ನಿಮ್ಮಮ್ಮನ ಮನೆ ಸರೀತು, ಹಳೆ ಗುರುತು ಹಿಡೀಬೇಡ ಅಂದೆ. 'ಎಷ್ಟು ಕೊಟ್ಲು ನಿಂಗೆ' ಅಂದ. ಏನೂ ಕೊಟ್ಟಿಲ್ಲ ಅಂದೆ. 'ಹುರಿದ ಮೀನಾದ್ರೂ ತಿನ್ನಿಸಿರ್ತಾಳೆ' ಅಂದ. ನಾನು ಸುಳ್ಳು ಹೇಳೋನಲ್ಲ. ತಿಂದಿದ್ದೆನಲ್ಲ, ಸುಮ್ನಾದೆ."

"ಅಷ್ಟಕ್ಕೇ ಸುಮ್ನಾದ್ಯಾ?"

"ನಕ್ಕುಬಿಟ್ಟ ಅಮ್ಮ. ನಕ್ಕವನ ಹತ್ರ ಏನ್ ಹೇಳೋದು?"

ಅಂಗಡಿಯಲ್ಲಿದ್ದವರೂ ನಕ್ಕರು. ನಾನು ನಗಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿದೆ.

ನಿನ್ನ ಅಂಗಡಿಗೆ ಬಂದಿದ್ದೆ, ಗುರುವಾರ. ನಿನಗೆ ಗೊತ್ತು. ಕೆಲಸದ ಹುಡುಗಿ "ಅವ್ರು ಹೊರಗೆ ಹೋಗಿದ್ದಾರೆ, ಎಷ್ಟೊತ್ತಿಗೆ ಬರ್ತಾರೋ" ಅಂದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳುವಾಗ ಕೆನ್ನೆ ಬಿಸಿಯಾಗುತ್ತದೆ. ನಿನ್ನ ಚಪ್ಪಲಿ ಒಳಬಾಗಿಲಿನ ಮುಂದೆ ಇತ್ತು. ಎಡಗಾಲಿನದು ಹೊರಗಡೆ ಸವೆದಿದೆ, ನೀನು ಚಿಕ್ಕಂದಿನಿಂದ ಹಾಗೇ ನಡೆಯುವುದು. ನಾನು ಆ ಚಪ್ಪಲಿಯನ್ನು ನೋಡಿಕೊಂಡು ಸ್ವಲ್ಪ ಹೊತ್ತು ನಿಂತೆ. ಕೂಗಬಹುದಿತ್ತು. ಬಾಗಿಲು ತೆಳುವಾದದ್ದು, ನಾನು ಉಸಿರಾಡುವುದು ನಿನಗೆ ಕೇಳಿಸಿರಬೇಕು.

ಆಮೇಲೆ ಪಕ್ಕದ ಬಾರಿಗೆ ಹೋಗಿ ಅಬ್ನರನ ದೋಣಿಯ ಮುಂದೆ ಕೂತೆ. ತೊಗಟೆ ಕುದಿಸಿದ ಮಾಬಿ ಒಂದು ಲೋಟ ಕೇಳಿದೆ. ಕಹಿಯೇ ಇಲ್ಲ, ಪ್ರವಾಸಿಗಳಿಗೆಂದು ಸಕ್ಕರೆ ಸುರಿದಿದ್ದಾರೆ. ಮರದ ಮೇಲೆ ಕೈ ಆಡಿಸಿದೆ. ಮೂತಿಯ ಹತ್ತಿರ ಅವನು ತೇಪೆ ಹಾಕಿದ ಹಲಗೆ ಹಾಗೇ ಇದೆ.

ಬಾರಿನವನು ಕೇಳಿದ, "ಏನಮ್ಮ, ದೋಣಿ ಅಷ್ಟು ಚೆನ್ನಾಗಿದ್ಯಾ?"

"ಯಾರು ತಂದುಕೊಟ್ರು ಇದನ್ನ?"

"ಒಬ್ಬ ಮುದುಕ. ಒಂದು ಕಾಲಿರ್ಲಿಲ್ಲ, ಮಗನ ಹೆಗಲು ಹಿಡ್ಕೊಂಡು ಬಂದಿದ್ದ. ಮಗ ಬೇಡ ಬೇಡ ಅಂತಿದ್ದ. ಮುದುಕ ಒಂದೇ ಮಾತು ಹೇಳಿದ. ಏನ್ ಬೇಕಾದ್ರೂ ಮಾಡ್ಕೊಳಿ, ನೀರಿಗೆ ಮಾತ್ರ ಇಳಿಸಬೇಡಿ, ಬೇರೆಯವನು ಇದನ್ನ ಓಡಿಸೋದು ನನ್ ಕೈಲಿ ನೋಡೋಕಾಗಲ್ಲ ಅಂದ."

ಮಾಬಿ ಮುಗಿಸಿ ಎದ್ದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತೆ.

ನೀನು ಹೇಳಬಹುದಿತ್ತು. ಅವನೂ ಹೇಳಬಹುದಿತ್ತು. ಮೂರು ವರ್ಷ ನಾನು ಬೈದದ್ದನ್ನೆಲ್ಲ ಮೈಮೇಲೆ ಹಾಕಿಕೊಂಡು ಸುಮ್ಮನಿದ್ದೀಯ. ಯಾರು ಇರಲು ಹೇಳಿದರು? ಅವನೇ ಹೇಳಿರಬೇಕು. ಇದನ್ನು ಇಲ್ಲಿಗೆ ಬಿಡುತ್ತೇನೆ. ಇದಲ್ಲ ಈಗಿನ ಮಾತು.

ಈಗಿನ ಮಾತು ಸೆಪ್ಟೆಂಬರ್. ಗಾಳಿಯ ತಿಂಗಳು. ಮನೆ ಸರಿದಿದೆ ಡೆನ್ಸಿಲ್. ಸೂರನ್ನು ನಂಬಬೇಡ.

ಅಮ್ಮ


ಸೀಲಿ ಕೊಲ್ಲಿ
೧೭ ಸೆಪ್ಟೆಂಬರ್, ಗುರುವಾರ

ಡೆನ್ಸಿಲ್,

ಇದನ್ನು ಅಂಚೆಗೆ ಹಾಕುವುದಿಲ್ಲ, ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೇನೆ. ಅವನು ನಿನ್ನ ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿಸುತ್ತಾನೆ.

ನಮ್ಮ ಈಶಾನ್ಯಕ್ಕೆ, ದೂರದಲ್ಲಿ, ದೊಡ್ಡ ಬಿರುಗಾಳಿ ಹೋಗುತ್ತಿದೆ ಎಂದು ರೇಡಿಯೋದವನು ಬೆಳಗಿನಿಂದ ಹೇಳುತ್ತಿದ್ದಾನೆ. ದ್ವೀಪಕ್ಕೆ ಬಡಿಯುವುದಿಲ್ಲವಂತೆ, ಹಿಗ್ಗಿನಿಂದ ಹೇಳುತ್ತಾನೆ. ಅಲೆ ಮಾತ್ರ ಕಳಿಸುತ್ತದಂತೆ. ಅವನಿಗೇನು, ಅವನು ಪಟ್ಟಣದಲ್ಲಿ ಕೂತಿದ್ದಾನೆ. ಇಲ್ಲಿ ಈಗಲೇ ಸಮುದ್ರದ ಉಸಿರು ಉದ್ದವಾಗಿದೆ. ಒಂದು ಅಲೆ ಬಂದ ಮೇಲೆ ಇನ್ನೊಂದು ಬರುವ ತನಕ ನಾನು ಒಂದು ಮೀನು ಸೀಳಿ ತೊಳೆದಿಡಬಹುದು. ಅಬ್ನರ್ ಇದ್ದಿದ್ದರೆ ದೋಣಿಯನ್ನು ರಸ್ತೆಗೆ ಎಳೆಸುತ್ತಿದ್ದ.

ನೀನು ಬರುತ್ತೀಯ. ನನಗೆ ಗೊತ್ತು. ಬರಬೇಡ ಎಂದು ಬರೆದರೆ ಇನ್ನೂ ಬೇಗ ಬರುತ್ತೀಯ, ಅದಕ್ಕೆ ಬರೆಯುವುದಿಲ್ಲ. ಇಳಿಯುವ ಮೊದಲು ಒಂದು ಸಲ ನೋಡು. ಇಷ್ಟೇ ಕೇಳುವುದು.

ಅಮ್ಮ


ಆಯ್ಸ್ಟಿನ್ಸ್
೨೧ ಸೆಪ್ಟೆಂಬರ್, ಸೋಮವಾರ

ಅಮ್ಮ,

ಶುಕ್ರವಾರ ಬಂದಿದ್ದೆ. ಬೆಳಿಗ್ಗೆಯೇ ನೀರಿಗಿಳಿದಿದ್ದೆ, ನಿನ್ನ ಚೀಟಿ ನನಗೆ ಸಿಕ್ಕಿದ್ದು ಸಂಜೆ ಹಿಂದಿರುಗಿದ ಮೇಲೆ. ಮೊದಲೇ ಸಿಕ್ಕಿದ್ದರೂ ಬರುತ್ತಿದ್ದೆ.

ಅಂಥ ಅಲೆಯನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮೂರು ಹತ್ತಿದೆ. ನಾಲ್ಕನೆಯದು ಹಲಗೆಯ ಹಗ್ಗ ಕಿತ್ತು ನನ್ನನ್ನು ಆಚೆಗೆ ಒಗೆಯಿತು, ಈಜಿ ಹಲಗೆ ಹಿಡಿಯುವಷ್ಟರಲ್ಲಿ ರಟ್ಟೆ ಸತ್ತುಹೋಗಿತ್ತು. ಮಳೆ ಬೇರೆ. ದಡ ಕಾಣಿಸುತ್ತಿರಲಿಲ್ಲ. ಆಗ ನಿನ್ನ ಮೇಲೆ ಸಿಟ್ಟು ಬಂತು ಅಮ್ಮ. ಮನೆ ಸರಿದಿದೆ, ಸೂರು ನಂಬಬೇಡ ಎಂದು ನಾಲ್ಕು ತಿಂಗಳು ತಲೆಯಲ್ಲಿ ತುಂಬಿದ್ದೀಯಲ್ಲ, ಅಲ್ಲಿ ಕೂತು ಒಂದು ಗಳಿಗೆ ನಾನು ನಂಬಿಬಿಟ್ಟೆ. ಯಾವ ಕಡೆಗೆ ಹೋಗಬೇಕೋ ತಿಳಿಯದೆ ಸುಮ್ಮನೆ ತೇಲಿದೆ. ಇನ್ನು ಸ್ವಲ್ಪ ಹೊತ್ತು ಹಾಗೇ ತೇಲಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಆಮೇಲೆ ಮಳೆ ತೆರೆಯಿತು. ತಾಳೆಮರ ಕಂಡಿತು. ಅದರ ಕೆಳಗೆ ಕೆಂಪು. ಎಲ್ಲಿತ್ತೋ ಅಲ್ಲೇ, ಕೊರಕಲಿನ ಉತ್ತರಕ್ಕೆ, ದಿಬ್ಬದ ತುದಿಯಲ್ಲಿ. ಒಂದು ಮಾರೂ ಸರಿದಿರಲಿಲ್ಲ. ಹಿಡಿದು ಬಂದೆ, ಬಾಯಿಯೊಳಗೆ ನೇರ ಬಂದೆ, ಕಾಲಿಗೊಂದು ಮುಳ್ಳು ಸಹ ತಾಗಲಿಲ್ಲ.

ಇನ್ನು ನಿನ್ನ ಮಾತನ್ನು ಯಾವ ಕಾರಣಕ್ಕೂ ನಂಬುವುದಿಲ್ಲ. ಶಾರ್ಕಿನ ಸುಳ್ಳಿಗೆ ನಕ್ಕಿದ್ದೆ. ಇದಕ್ಕೆ ನಗು ಬರುವುದಿಲ್ಲ. ರಾಲ್ಸ್ಟನ್ನನ ಬಾಯಲ್ಲೂ ಹೇಳಿಸಿದೆಯಲ್ಲ.

ಮನೆಯ ಮುಂದೆ ಯಾರೋ ನಿಂತಿದ್ದರು. ನೀನೇ ಇರಬೇಕು. ನನ್ನನ್ನು ನೋಡಿದ್ದೀಯ, ಕೈ ಕೂಡ ಬೀಸಲಿಲ್ಲ.

ಡೆನ್ಸಿಲ್


ಸೀಲಿ ಕೊಲ್ಲಿ
೨೬ ಸೆಪ್ಟೆಂಬರ್

ಡೆನ್ಸಿಲ್,

ನಿನ್ನ ಕಾಗದವನ್ನು ಇನೆಜ್ ಓದಿ ಹೇಳಿದಳು. ನನ್ನ ಕನ್ನಡಕ ಒಡೆದಿದೆ. ಇದನ್ನು ಅವಳ ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ, ಸಾಲು ಓರೆಯಾದರೆ ಅವಳನ್ನು ಬೈ.

ಶುಕ್ರವಾರ ಬೆಳಿಗ್ಗೆ ಮೀನುಪೇಟೆ ಇಲ್ಲ, ಏನಿಲ್ಲ. ಎಲ್ಲರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸಮುದ್ರ ನೋಡುತ್ತಿದ್ದೆವು. ರಾಲ್ಸ್ಟನ್ ಮತ್ತೆ ಅವನ ಜೊತೆಯವರು ಇಳಿಯಲಿಲ್ಲ, ಹೆದರಿದರು, ಹೆದರಿದ್ದಕ್ಕೆ ನಾನು ಅವರಿಗೆ ಚಹಾ ಕುಡಿಸಿದೆ. ಆಗ ಇನೆಜ್ "ರೈಲುದಾರಿ ಹತ್ರ ಒಂದು ನೀಲಿ ಗಾಡಿ ನಿಂತಿದೆ ಕಣೇ" ಅಂದಳು. ನಾನು ಎದ್ದು ನೋಡಿದೆ. ಬಂಡೆಸಾಲಿನ ಆಚೆ, ಅಷ್ಟು ಬಿಳಿ ನೊರೆಯ ನಡುವೆ, ಒಂದು ಕಪ್ಪು ಚುಕ್ಕೆ. ಕೂಗಿದರೆ ಕೇಳಿಸದು. ರಾಲ್ಸ್ಟನ್ ಹಲಗೆ ಹಿಡಿದು ಎದ್ದ. ಅವನ ತಾಯಿ ಅಲ್ಲೇ ಇದ್ದಳು, ನನ್ನನ್ನು ನೋಡಿದಳು. ನಾನು ಅವನನ್ನು ಕೂರಿಸಿದೆ.

"ಕ್ಲೀಟಸ್, ತಗಡು ಕೀಳು" ಅಂದೆ.

"ಯಾವ ತಗಡು?"

"ನನ್ನ ಸೂರಿಂದು. ಒಂದೂ ಬಿಡಬೇಡ."

"ಮಳೆ ಬರ್ತಿದೆ ಯುಲಾಲಿ."

"ಬರಲಿ. ನಿನ್ನ ಹಾಸಿಗೆ ಮೇಲಲ್ಲ ಬರೋದು."

ನಿಂತು ನನ್ನ ಮುಖ ನೋಡಿದ. ಆಮೇಲೆ ಏಣಿ ತಂದ. ಡಾಮಿನೋ ಆಡುತ್ತಿದ್ದವರೆಲ್ಲ ಕಾಯಿ ಹಾಗೇ ಬಿಟ್ಟು ಬಂದರು. ಹೊಡೆಯಲು ಒಂದು ಸಂಜೆ ಹಿಡಿದ ತಗಡನ್ನು ಅವರು ಕಿತ್ತ ವೇಗ ನೋಡಬೇಕಿತ್ತು, ಅರ್ಧ ತಗಡು ಮೊಳೆಯ ಸಮೇತ ಹರಿದು ಬಂತು. ದಕ್ಷಿಣದ ಕೆಂಪು ಹೋಯಿತು. ಅಷ್ಟಾದರೆ ನೀನು ಬಂಡೆಗೆ ಬಡಿಯುವುದಿಲ್ಲ, ಆದರೆ ಬಾಯಿಯನ್ನೂ ಕಾಣುವುದಿಲ್ಲ. ಅದಕ್ಕೆ ತಗಡು ಹೊತ್ತು ಹಳೆ ಜಾಗಕ್ಕೆ ನಡೆದೆವು.

ಬಿರುಕು ಒಂದು ಹೆಜ್ಜೆಯಷ್ಟು ಅಗಲವಾಗಿತ್ತು. ಒಳಗಿನಿಂದ ಸಮುದ್ರದ ಸದ್ದು ಬರುತ್ತಿತ್ತು, ಮೇಲಿನಿಂದಲ್ಲ, ಕೆಳಗಿನಿಂದ. ಕ್ಲೀಟಸ್ ಕೈ ಅಡ್ಡ ಹಿಡಿದು ಎಲ್ಲರನ್ನೂ ನಿಲ್ಲಿಸಿದ.

"ಇಲ್ಲಿಂದ ಆಚೆ ಯಾರೂ ಇಲ್ಲ."

"ನಾನು ಹೋಗ್ತೀನಿ" ಅಂದೆ.

"ನಿಂಗೆ ತಲೆ ಕೆಟ್ಟಿದ್ಯಾ?"

"ನಿಮ್ಮೆಲ್ಲರಿಗಿಂತ ಹಗುರ ನಾನು. ನನ್ನ ಮನೆ ಚೂಪು ಎಲ್ಲಿತ್ತು ಅಂತ ನಂಗೆ ಗೊತ್ತು. ಹಗ್ಗ ಕಟ್ಟು, ಮಾತು ಬಿಡು."

ಸೊಂಟಕ್ಕೆ ಹಗ್ಗ ಕಟ್ಟಿದ. ದಾಟಿದೆ. ತಗಡನ್ನು ಒಂದೊಂದಾಗಿ ದಬ್ಬಿದರು, ನಾನು ಎಳೆದುಕೊಂಡೆ. ಆ ಮೂರು ಮೆಟ್ಟಿಲುಗಳಿಗೆ ಒರಗಿಸಿ, ತೊಲೆಯ ತುಂಡು ಕೊಟ್ಟು, ಎರಡನ್ನು ಮೇಲೆ ಜೋಡಿಸಿದೆ, ಚೂಪು ಕಾಣುವ ಹಾಗೆ. ಗಾಳಿ ಅದನ್ನು ನಿಲ್ಲಲು ಬಿಡಲಿಲ್ಲ. ಅದಕ್ಕೆ ನಾನೇ ತೊಲೆಯಾಗಿ ನಿಂತೆ, ಬೆನ್ನು ಕೊಟ್ಟು, ಎರಡು ಕೈ ಚಾಚಿ.

ಎಷ್ಟು ಹೊತ್ತು ಎಂದು ಕೇಳಬೇಡ. ಪ್ರತಿ ಅಲೆಗೂ ನೆಲ ಹಸುವಿನ ಚರ್ಮದ ಹಾಗೆ ನಡುಗುತ್ತಿತ್ತು. ಕನ್ನಡಕ ಆಗಲೇ ಬಿದ್ದದ್ದು. ಕನ್ನಡಕವಿಲ್ಲದೆ ನನಗೆ ನೀನು ಕಾಣುವುದಿಲ್ಲ, ಅದಕ್ಕೆ ಕ್ಲೀಟಸ್ ಬಿರುಕಿನ ಆಚೆಯಿಂದ ಕೂಗಿ ಕೂಗಿ ಹೇಳುತ್ತಿದ್ದ. ತೇಲ್ತಿದ್ದಾನೆ. ಇನ್ನೂ ತೇಲ್ತಿದ್ದಾನೆ. ಮಳೆ, ಕಾಣ್ತಿಲ್ಲ. ಕಾಣ್ತಿಲ್ಲ ಯುಲಾಲಿ. ಆಮೇಲೆ ತುಂಬ ಹೊತ್ತು ಏನೂ ಹೇಳಲಿಲ್ಲ. ನಾನು "ಬೊಗಳು" ಅಂದೆ. ಅವನು "ತಿರುಗಿದ" ಅಂದ.

ನೀನು ಮರಳಿಗೆ ಹತ್ತಿದಾಗ ನನ್ನ ಕಾಲ ಕೆಳಗಿನ ಮಣ್ಣಿನ ನೇರ ಕೆಳಗೆ ಇದ್ದೆ. ಅಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದೀಯ ಎಂದ ಕ್ಲೀಟಸ್. ಕರೆಯಬೇಕು ಅನ್ನಿಸಿತು. ಕರೆದರೆ ನಿಲ್ಲುತ್ತೀಯ, ತಲೆ ಎತ್ತುತ್ತೀಯ, ಜಗಳ ತೆಗೆಯುತ್ತೀಯ, ಅಷ್ಟು ಹೊತ್ತು ಆ ಮಣ್ಣಿನ ಕೆಳಗೆ. ಬಾಯಿ ಮುಚ್ಚಿಕೊಂಡೆ. ಎದ್ದು ನಡಿ, ಎದ್ದು ನಡಿ ಎಂದು ಹಲ್ಲು ಕಚ್ಚಿದೆ. ನೀನು ಎದ್ದು ನಡೆದೆ. ಯಾವತ್ತಿನ ಹಾಗೆ, ಮೇಲೆ ನೋಡದೆ. ಮೊದಲ ಸಲ ಅದಕ್ಕೆ ನನಗೆ ಸಿಟ್ಟು ಬರಲಿಲ್ಲ.

ಕೈ ಬೀಸಲಿಲ್ಲ ಎಂದೆ. ಎರಡು ಕೈಯಲ್ಲೂ ತಗಡಿತ್ತು.

ಮಾರನೆಯ ದಿನ ಚರ್ಚಿನ ಗಂಟೆ ಹೊಡೆಯುವ ಮೊದಲು ಆ ತುಂಡು ಹೋಯಿತು. ಮೆಟ್ಟಿಲು, ತಗಡು, ಕೋಳಿಗೂಡು, ಎಲ್ಲ. ಸದ್ದು ದೊಡ್ಡದೇನೂ ಆಗಲಿಲ್ಲ. ಈಗ ಅಲ್ಲಿ ಕೆಂಪಿಲ್ಲ, ಇಲ್ಲಿಯೂ ಇಲ್ಲ. ನಾನು ಇನೆಜ್‌ಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ, ಅವಳ ಗೊರಕೆಗೆ ಸಮುದ್ರವೇ ವಾಸಿ. ನನ್ನ ಮನೆ ದೀವಿಹಲಸಿನ ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿಂತಿದೆ, ಒಳಗೆ ಏಸುವಿನ ಪಟ ತೊಯ್ದು ಮೀಸೆ ಬಂದ ಹಾಗಾಗಿದೆ. ಹೊಸ ತಗಡು ಯಾವ ಬಣ್ಣದ್ದು ತರಲಿ ಎಂದು ಕ್ಲೀಟಸ್ ದಿನಾ ಕೇಳುತ್ತಾನೆ. ತಡಿ ಎಂದಿದ್ದೇನೆ.

ಇದನ್ನೂ ನೀನು ನಂಬುವುದಿಲ್ಲ. ನಂಬಬೇಡ. ನಾನು ಸುಳ್ಳುಗಾತಿ ಎಂದೇ ಇಟ್ಟುಕೋ. ಸುಳ್ಳು ಹಿಡಿಯುವುದಕ್ಕಾದರೂ ಒಂದು ಸಲ ಬಾ. ಸಮುದ್ರದ ಕಡೆಯಿಂದಲ್ಲ, ರಸ್ತೆಯ ಕಡೆಯಿಂದ ಬಾ.

ನಿನ್ನ
ಅಮ್ಮ